ಎರಡು ಹೊಸದುರ್ಗ, ಎರಡು ಕಡಲು: ಸೈಕಲ್ ದಾರಿಯಲ್ಲಿ ಸಿಕ್ಕ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಮಾತನ್ನು ಒಂದು ಹೆಸರಿನಿಂದ ಶುರು ಮಾಡೋಣ. ಹೊಸದುರ್ಗ. ಈ ಹೆಸರು ಹೇಳಿದ ತಕ್ಷಣ ಚಿತ್ರದುರ್ಗ ಜಿಲ್ಲೆಯವರಿಗೆ ತೆಂಗಿನ ತೋಟ, ದಾಳಿಂಬೆ, ಸಾಣೇಹಳ್ಳಿಯ ನಾಟಕ, ಹಾಲುರಾಮೇಶ್ವರ ಎಲ್ಲ ನೆನಪಾಗುತ್ತೆ. ಆದರೆ ಕಾಸರಗೋಡಿನ ಕನ್ನಡಿಗರನ್ನು ಕೇಳಿ ನೋಡಿ. ಅವರು ಹೇಳೋ ಹೊಸದುರ್ಗ ಬೇರೆ. ಅದು ಕಾಞಂಗಾಡಿನ ಹತ್ತಿರ, ಅರಬ್ಬೀ ಸಮುದ್ರದ ಪಕ್ಕದಲ್ಲಿದೆ. ಇಕ್ಕೇರಿಯ ಸೋಮಶೇಖರ ನಾಯಕ ಕಟ್ಟಿಸಿದ ಕೋಟೆ ಅದು. ಇವತ್ತು ಅಲ್ಲಿ ಕೇರಳದ ಒಂದು ತಾಲ್ಲೂಕಿಗೇ ಆ ಹೆಸರಿದೆ. ನಮ್ಮ ಬಯಲುಸೀಮೆಯ ಹೊಸದುರ್ಗ ಚಿತ್ರದುರ್ಗದ ನಾಯಕರು ಕಟ್ಟಿಸಿದ್ದು. ಅಂದರೆ ಇಬ್ಬರು ನಾಯಕ ಅರಸರು, ಎರಡು ಗಡಿ, ಎರಡು ಹೊಸ ಕೋಟೆ, ಹೆಸರು ಮಾತ್ರ ಒಂದೇ.

ಈ ಎರಡೂ ಸೀಮೆಗಳನ್ನು ಒಂದೇ ಪ್ರಯಾಣದಲ್ಲಿ ಹಾದುಹೋಗಿ, ನೋಡಿದ್ದನ್ನು ದಿನದಿನವೂ ಬರೆದಿಟ್ಟ ಒಬ್ಬ ಮನುಷ್ಯ ಇದ್ದಾನೆ. ಅವನ ಹೆಸರು ಫ್ರಾನ್ಸಿಸ್ ಬುಕಾನನ್. ಸ್ಕಾಟ್ಲೆಂಡಿನವನು, ಓದಿದ್ದು ವೈದ್ಯಕೀಯ, ಆಸಕ್ತಿ ಇದ್ದದ್ದು ಗಿಡಮರಗಳಲ್ಲಿ, ಸಂಬಳ ಈಸ್ಟ್ ಇಂಡಿಯಾ ಕಂಪನಿಯದ್ದು. 1800ರ ಏಪ್ರಿಲ್ 23ರಂದು ಮದರಾಸಿನಿಂದ, ಅಂದರೆ ಪೂರ್ವದ ಕಡಲ ತೀರದಿಂದ ಹೊರಟ. ಮೈಸೂರು ದಾಟಿ, ಕೊಯಮತ್ತೂರು ದಾಟಿ, ಮಲಬಾರಿಗೆ ಇಳಿದ. ಅಲ್ಲಿಂದ ಪಶ್ಚಿಮದ ಕಡಲಂಚಿನಲ್ಲೇ ಉತ್ತರಕ್ಕೆ ಬಂದ. ನೀಲೇಶ್ವರ, ಹೊಸದುರ್ಗ, ಬೇಕಲ, ಮಂಗಳೂರು, ಕೊನೆಗೆ ಉತ್ತರ ಕನ್ನಡ. ಆಮೇಲೆ ಘಟ್ಟ ಹತ್ತಿ ಬನವಾಸಿ, ಇಕ್ಕೇರಿ, ನಗರ, ಹರಿಹರ, ಚಿತ್ರದುರ್ಗ, ಹಿರಿಯೂರು. 1801ರ ಮಳೆಗಾಲದ ಹೊತ್ತಿಗೆ ಮತ್ತೆ ಮದರಾಸು. ಕಡಲಿಂದ ಕಡಲಿಗೆ, ಮತ್ತೆ ಕಡಲಿಂದ ಕಡಲಿಗೆ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ಈಗ ಸೈಕಲ್ ವಿಷಯಕ್ಕೆ ಬರ್ತೀನಿ. ಇದಕ್ಕೂ ಬುಕಾನನ್‌ಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ.

ಒಂದು ಕಡಲ ತೀರದಿಂದ ಇನ್ನೊಂದು ಕಡಲ ತೀರಕ್ಕೆ ಸೈಕಲ್ ಹೊಡೆಯೋದು ಅನ್ನೋ ಆಸೆ ಸೈಕಲ್ಲಿನಷ್ಟೇ ಹಳೆಯದು. 1884ರಲ್ಲಿ ಥಾಮಸ್ ಸ್ಟೀವನ್ಸ್ ಅನ್ನೋವನು, ಮುಂದೆ ದೊಡ್ಡ ಚಕ್ರ ಹಿಂದೆ ಪುಟ್ಟ ಚಕ್ರ ಇರೋ ಹಳೇ ಕಾಲದ ಸೈಕಲ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೋಸ್ಟನ್ನಿನವರೆಗೆ ಅಮೆರಿಕ ದಾಟಿದ. ಅವನೇ ಮುಂದೆ ಪ್ರಪಂಚ ಸುತ್ತುವಾಗ 1886ರಲ್ಲಿ ಲಾಹೋರಿನಿಂದ ಕಲ್ಕತ್ತಾದವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸೈಕಲ್ ಹೊಡೆದ. ಅದಕ್ಕೂ ಒಂದು ವರ್ಷ ಮುಂಚೆ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿ ಇಂಗ್ಲೆಂಡಿನಲ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮ ಇರೋ, ಚೈನಿನ ಸೈಕಲ್ ತಂದಿದ್ದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ನಮ್ಮೂರಿನ ಮೇಷ್ಟ್ರು, ಪೋಸ್ಟ್‌ಮ್ಯಾನು, ಹಾಲಿನವರು ಎಲ್ಲ ಹೊಡೆದ ಸೈಕಲ್ ಆ ಎರಡರ ಮೊಮ್ಮಗ.

ಇಂಗ್ಲೆಂಡಿನಲ್ಲಿ 1994ರಲ್ಲಿ ಸೀ ಟು ಸೀ ಅಂತ ಒಂದು ಸೈಕಲ್ ದಾರಿ ತೆರೆದರು. ಪಶ್ಚಿಮದ ವೈಟ್‌ಹೇವನ್ನಿಂದ ಪೂರ್ವದ ಸಂಡರ್‌ಲ್ಯಾಂಡಿಗೆ ಸುಮಾರು 140 ಮೈಲಿ. ಹೊರಡುವಾಗ ಹಿಂದಿನ ಚಕ್ರವನ್ನು ಒಂದು ಕಡಲಲ್ಲಿ ಅದ್ದೋದು, ತಲುಪಿದ ಮೇಲೆ ಮುಂದಿನ ಚಕ್ರವನ್ನು ಇನ್ನೊಂದು ಕಡಲಲ್ಲಿ ಅದ್ದೋದು, ಇದು ಅಲ್ಲಿನ ಸಂಪ್ರದಾಯ. ಇಂಥ ಪ್ರವಾಸಗಳು ಈಗ ನಮ್ಮಲ್ಲೂ ನಡೀತವೆ. ಮುಂದೆ ಗೈಡ್, ಹಿಂದೆ ಒಂದು ವ್ಯಾನು, ವ್ಯಾನಲ್ಲಿ ನೀರು, ಬಾಳೆಹಣ್ಣು, ಪಂಕ್ಚರ್ ಸಾಮಾನು, ರಾತ್ರಿಗೆ ಒಳ್ಳೆಯ ಊಟ, ಹಾಸಿಗೆ. ಹೋದ ಚಳಿಗಾಲದಲ್ಲಿ ನಾನೂ ಒಂದು ತಂಡದ ಜೊತೆ ಪಶ್ಚಿಮ ಕರಾವಳಿಯಿಂದ ಚೆನ್ನೈ ಕಡೆಗೆ ಹೊರಟಿದ್ದೆ.

ಆ ಪ್ರವಾಸದ ಪಟ್ಟಿಯಲ್ಲಿ ಒಂದು ದಿನಕ್ಕೆ ‘ವರ್ಗಾವಣೆ ದಿನ’ ಅಂತ ಬರೆದಿದ್ದರು. ಅಂದರೆ ಅವತ್ತು ಸೈಕಲ್‌ಗಳನ್ನ ಲಾರಿಗೆ ಹಾಕಿ, ನಮ್ಮನ್ನು ವ್ಯಾನಿಗೆ ಹಾಕಿ, ಮಲೆನಾಡಿನಿಂದ ಚಿತ್ರದುರ್ಗದ ಕೋಟೆ ಬಾಗಿಲಿಗೆ ಬಿಟ್ಟುಬಿಡೋದು. ಯಾಕೆ ಅಂದೆ. ‘ಮಧ್ಯದಲ್ಲಿ ನೋಡೋಕೆ ಏನೂ ಇಲ್ಲ ಸರ್’ ಅಂದರು. ಆ ‘ಮಧ್ಯ’ ಅನ್ನೋದು ಯಾವುದು ಗೊತ್ತಾ? ಹೊಳಲ್ಕೆರೆ ಮತ್ತು ಹೊಸದುರ್ಗ. ನಾವು ನಾಲ್ಕು ಜನ ಆವತ್ತು ವ್ಯಾನು ಹತ್ತಲಿಲ್ಲ, ಸೈಕಲ್ಲಲ್ಲೇ ಹೊರಟೆವು. ಇವತ್ತಿನ ಸಂಚಿಕೆ ಆ ‘ಏನೂ ಇಲ್ಲ’ ಅನ್ನೋ ಮಾತಿನ ಬಗ್ಗೆ.

ಮೊದಲು ದಾರಿ ನೋಡೋಣ. ಹಳೆಯ ಹೆದ್ದಾರಿ ನಂಬರುಗಳು ನೆನಪಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಹಳೆಯ 13ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಸೊಲ್ಲಾಪುರದಿಂದ ಮಂಗಳೂರಿಗೆ ಬರ್ತಿತ್ತು. ಚಿತ್ರದುರ್ಗ, ಹೊಳಲ್ಕೆರೆ, ಶಿವಮೊಗ್ಗ, ಘಟ್ಟ, ಕಡಲು. ಹಳೆಯ 4ನೇ ನಂಬರು ಮುಂಬಯಿಂದ ಚೆನ್ನೈಗೆ ಹೋಗ್ತಿತ್ತು. ಅದು ಚಿತ್ರದುರ್ಗ, ಹಿರಿಯೂರು, ತುಮಕೂರು, ಬೆಂಗಳೂರು ದಾಟಿ ಪೂರ್ವದ ಕಡಲಿಗೆ. ಈ ಎರಡು ರಸ್ತೆ ಸೇರೋದು ಚಿತ್ರದುರ್ಗದಲ್ಲಿ. ಪಶ್ಚಿಮದ ಕಡಲಿಂದ ಬಂದ ರಸ್ತೆಯೂ ಪೂರ್ವದ ಕಡಲಿಗೆ ಹೋಗೋ ರಸ್ತೆಯೂ ಇಲ್ಲೇ ಕೈ ಹಿಡಿಯೋದು. ಹಾಗಾದರೆ ಇದು ಮಧ್ಯದಲ್ಲಿ ಬಿಟ್ಟುಹೋದ ಜಾಗವೋ, ಗಂಟು ಬಿದ್ದ ಜಾಗವೋ?

ಸೈಕಲ್ ಮೇಲೆ ಬಂದವರಿಗೆ ಇನ್ನೊಂದು ವಿಷಯ ಮೈಗೇ ಗೊತ್ತಾಗುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಹಿರಿಯೂರಿಗೆ ಬರೋ ಹೊತ್ತಿಗೆ ಅದು 500, 600ಕ್ಕೆ ಇಳಿದಿರುತ್ತೆ. ಕಾರಲ್ಲಿ ಇದು ಮೂರ್ನಾಲ್ಕು ಗಂಟೆಯ ಪ್ರಯಾಣ, ಕಿಟಕಿ ಮುಚ್ಚಿದ್ದರೆ ಗೊತ್ತೇ ಆಗಲ್ಲ. ಸೈಕಲ್ಲಲ್ಲಿ ಗಾಳಿ ಒಣಗೋದು, ಮಣ್ಣು ಕೆಂಪಿನಿಂದ ಕಪ್ಪಿಗೆ, ಕಪ್ಪಿನಿಂದ ಮತ್ತೆ ಕೆಂಪಿಗೆ ತಿರುಗೋದು, ಅಡಿಕೆ ಹೋಗಿ ತೆಂಗು, ತೆಂಗು ಹೋಗಿ ರಾಗಿ, ಜೋಳ, ಕಡಲೆಕಾಯಿ ಬರೋದು, ಎಲ್ಲ ಒಂದೊಂದೇ ಕಾಣುತ್ತೆ. ಬುಕಾನನ್ ದಿನಕ್ಕೊಂದು ಮಜಲು ಮಾಡ್ತಾ ಬಂದಿದ್ದರಿಂದ ಅವನಿಗೂ ಇದೆಲ್ಲ ಕಂಡಿತ್ತು. ಯಾವ ಊರಲ್ಲಿ ಯಾವ ಮಣ್ಣು, ಎಷ್ಟು ಬೀಜ ಬಿತ್ತುತ್ತಾರೆ, ನೇಗಿಲು ಹೇಗಿದೆ, ಆಳಿಗೆ ಕೂಲಿ ಎಷ್ಟು, ಇದೇ ಅವನ ಪುಸ್ತಕದ ತುಂಬ.

ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಮರೆಯಬಾರದು. ಬುಕಾನನ್ ರಜೆಗೆ ಬಂದವನಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಒಂದು ವರ್ಷ ತುಂಬೋದರೊಳಗೆ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಡಾಕ್ಟರನ್ನ ಕಳಿಸಿದ. ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತೆ, ಹತ್ತಿ ಹೇಗಿದೆ, ಮೆಣಸು, ಏಲಕ್ಕಿ, ಗಂಧ ಎಲ್ಲಿ ಸಿಗುತ್ತೆ, ಜನ ಯಾರು, ಏನು ಕಸುಬು, ಎಲ್ಲ ವಿಚಾರಿಸಿಕೊಂಡು ಬಾ ಅಂತ. ಮನೆ ಕೊಂಡವರು ಎಷ್ಟು ಕೋಣೆ, ಬಾವಿಯಲ್ಲಿ ನೀರೆಷ್ಟು ಅಂತ ಲೆಕ್ಕ ಹಾಕ್ತಾರಲ್ಲ, ಹಾಗೆ.

ಅವನಿಗೆ ಕನ್ನಡ ಬರ್ತಿರಲಿಲ್ಲ, ದುಭಾಷಿಗಳನ್ನು ನೆಚ್ಚಿಕೊಂಡಿದ್ದ. ರೈತರು ಹೇಳಿದ ಇಳುವರಿ ಲೆಕ್ಕವನ್ನು ಅವನು ಆಗಾಗ ನಂಬೋದಿಲ್ಲ, ಕಡಿಮೆ ಹೇಳ್ತಿದ್ದಾರೆ ಅಂತ ಅನುಮಾನ ಪಡ್ತಾನೆ. ನಾನು ಇದನ್ನು ಓದುವಾಗ ನಗು ಬರುತ್ತೆ. ಹೊಸ ಸರ್ಕಾರದ ಕಡೆಯವನೊಬ್ಬ ಬಂದು ‘ನಿನ್ನ ಹೊಲದಲ್ಲಿ ಎಷ್ಟು ಖಂಡುಗ ಬೆಳೀತೀಯ’ ಅಂತ ಕೇಳಿದರೆ ಯಾವ ರೈತ ನಿಜ ಹೇಳ್ತಾನೆ? ಇವತ್ತು ಹೇಳ್ತಾನಾ? ಕಂದಾಯ ಕಟ್ಟುವವನು ಕಂದಾಯ ಕೇಳುವವನಿಗೆ ಕೊಡೋ ಉತ್ತರ ಅದು. ಅದರಲ್ಲಿ ಸುಳ್ಳಿಗಿಂತ ಅನುಭವ ಹೆಚ್ಚು. ಅನುಭವ ಯಾವುದು ಅಂದರೆ, ಅದೇ ನೆಲದ ಹಿಂದಿನ ಇಪ್ಪತ್ತು ವರ್ಷದ್ದು.

1779ರಲ್ಲಿ ಹೈದರಾಲಿ ಚಿತ್ರದುರ್ಗ ಹಿಡಿದ. ಮದಕರಿ ನಾಯಕ ಸೆರೆಯಾದ. ಆ ಸೀಮೆಯ ಸಾವಿರಾರು ಬೇಡ ಕುಟುಂಬಗಳನ್ನು ಶ್ರೀರಂಗಪಟ್ಟಣದ ಕಡೆಗೆ ಒಯ್ದರು. ಹನ್ನೆರಡು ವರ್ಷ ಕಳೆದ ಮೇಲೆ, ಮೂರನೇ ಮೈಸೂರು ಯುದ್ಧದಲ್ಲಿ, ಪರಶುರಾಮ ಭಾವುವಿನ ಮರಾಠಾ ದಂಡು ಇದೇ ಹಾದಿಯಲ್ಲಿ ಬಂತು. ದಂಡು ಬಂದರೆ ಹುಲ್ಲು, ಕಾಳು, ದನ ಯಾವುದೂ ಉಳಿಯೋದಿಲ್ಲ. ಹಿಂದೆಯೇ ಬರ ಬಂತು. ಬುಕಾನನ್ 1801ರ ಬೇಸಿಗೆಯಲ್ಲಿ ಹಿರಿಯೂರಿಗೆ ಬಂದಾಗ ಕಂಡಿದ್ದು, ಒಂದು ಕಾಲದಲ್ಲಿ ದೊಡ್ಡದಾಗಿದ್ದು ಜನ ಕಳೆದುಕೊಂಡ ಊರು. ಕಡಲಿಂದ ಕಡಲಿಗೆ ಹೋಗೋ ದಾರಿಯ ಮೇಲೆ ಇರೋದಕ್ಕೆ ಕೊಡಬೇಕಾದ ಬೆಲೆ ಇದು. ವ್ಯಾಪಾರಿಗಳು ಬರೋ ದಾರಿಯಲ್ಲೇ ಸೈನ್ಯವೂ ಬರುತ್ತೆ.

ಹಿರಿಯೂರಿನಿಂದ ಬುಕಾನನ್ ಹೆದ್ದಾರಿ ಹಿಡಿದು ನೇರ ಮದರಾಸಿಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಪಶ್ಚಿಮಕ್ಕೆ ತಿರುಗಿ ಇವತ್ತಿನ ಹೊಸದುರ್ಗ ತಾಲ್ಲೂಕಿಗೆ ಬಂದ. ಯಾಕೆ ಅಂದರೆ ಅಲ್ಲಿ ಅವನಿಗೆ ಎರಡು ವಸ್ತು ನೋಡಬೇಕಿತ್ತು, ಕಬ್ಬಿಣ ಮತ್ತು ಗಾಜು.

ಮತ್ತೋಡು ಇವತ್ತು ಹೊಸದುರ್ಗ ತಾಲ್ಲೂಕಿನ ಒಂದು ಹೋಬಳಿ. ಹಿಂದೆ ಪಾಳೆಯಗಾರರ ಊರು. ಅಲ್ಲಿ ಬಳೆಗೆ ಬೇಕಾದ ಗಾಜು ತಯಾರಾಗ್ತಿತ್ತು. ಬುಕಾನನ್ ಅದನ್ನು ಬಹಳ ಆಸಕ್ತಿಯಿಂದ ಬರೆದಿದ್ದಾನೆ. ಊರ ಕೋಟೆಗೋಡೆಯ ಒಳಮಗ್ಗುಲಿಗೆ ಒಂದು ಎತ್ತರದ ಜಗಲಿ, ಆ ಜಗಲಿಯೊಳಗೆ ಗುಮ್ಮಟದ ಹಾಗೆ ಕುಲುಮೆಗಳು. ಒಳಗೆ ಮೂಸೆಗಳು. ಮೂಸೆಗೆ ಹಾಕೋದು ಏನು? ಚೌಳು ಮಣ್ಣು, ಬೆಣಚುಕಲ್ಲಿನ ಪುಡಿ, ಕಬ್ಬಿಣದ ಮರಳು. ಎಲ್ಲ ಸುತ್ತಮುತ್ತಲೇ ಸಿಗೋದು. ಗಾಜಿನಲ್ಲಿ ಐದು ಬಣ್ಣ ಇತ್ತು, ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಮೊದಲ ಎರಡಕ್ಕೇ ಗಿರಾಕಿ ಹೆಚ್ಚು.

ಸ್ವಲ್ಪ ಯೋಚನೆ ಮಾಡಿ. ಚೌಳು ನೆಲ ಅಂದರೆ ರೈತನಿಗೆ ಶಾಪ. ಅದರಲ್ಲಿ ಏನೂ ಹುಟ್ಟಲ್ಲ. ನಮ್ಮ ವ್ಯಾನಿನವರ ಭಾಷೆಯಲ್ಲಿ ಹೇಳೋದಾದರೆ ‘ಏನೂ ಇಲ್ಲ’ದ ನೆಲ. ಅದೇ ಮಣ್ಣಿನ ಕ್ಷಾರ ಕಲ್ಲಿನ ಪುಡಿಯನ್ನ ಕರಗಿಸುತ್ತೆ, ಗಾಜಾಗಿಸುತ್ತೆ. ಪುಸ್ತಕ ಓದದ ಕುಶಲಕರ್ಮಿಗಳಿಗೆ ಆ ರಸಾಯನಶಾಸ್ತ್ರ ಕೈಯಲ್ಲಿ ಬಂದಿತ್ತು. ಬರಡು ನೆಲದಿಂದ ಹಸಿರು ಬಳೆ ತೆಗೀತಿದ್ದರು. ಮದುವೆ, ಸೀಮಂತ, ಜಾತ್ರೆ, ಹಬ್ಬ, ಎಲ್ಲದಕ್ಕೂ ಬೇಕಾದ ಬಳೆ ಆ ಕೋಟೆಗೋಡೆಯ ಕುಲುಮೆಯಿಂದ ಹುಟ್ಟಬಹುದಿತ್ತು.

ಆಮೇಲೆ ಏನಾಯ್ತು? ದೇಶದ ಉದ್ದಗಲಕ್ಕೂ ಇಂಥ ಹಳ್ಳಿಯ ಗಾಜಿಗೆ ಏನಾಯ್ತೋ ಅದೇ ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಕಾರ್ಖಾನೆ ಬಳೆ ಹಡಗಿನಲ್ಲಿ ಬಂತು, ಬಂದರಿನಿಂದ ರೈಲಿನಲ್ಲಿ ಒಳನಾಡಿಗೆ ಬಂತು. ಮುಂದೆ ಉತ್ತರ ಪ್ರದೇಶದ ಫಿರೋಜಾಬಾದ್ ದೊಡ್ಡ ಬಳೆ ಪೇಟೆಯಾಗಿ ಬೆಳೀತು. ಇವತ್ತು ನಮ್ಮ ಜಾತ್ರೆಗಳಲ್ಲಿ ಮಾರೋ ಗಾಜಿನ ಬಳೆಯಲ್ಲಿ ಬಹುಪಾಲು ಅಲ್ಲಿಯದು. ನಮ್ಮ ಸೀಮೆಗೆ ರೈಲು ಬಂದಿದ್ದು 1880ರ ದಶಕದಲ್ಲಿ, ಬೆಂಗಳೂರಿನಿಂದ ಹರಿಹರದ ಕಡೆಗೆ. ಆ ಹಳಿಯ ಮೇಲೆ ಹೊಸದುರ್ಗ ರೋಡ್ ಅಂತ ಒಂದು ನಿಲ್ದಾಣ ಇದೆ. ಆ ಹೆಸರಿನಲ್ಲೇ ಎಲ್ಲ ಇದೆ ನೋಡಿ. ಹೊಸದುರ್ಗ ಅಲ್ಲ, ಹೊಸದುರ್ಗ ರೋಡ್. ಇಳಿದು, ಆ ರಸ್ತೆ ಹಿಡಿದು, ಇನ್ನೂ ಹೋಗಬೇಕು. ಕಡಲು ತಲುಪೋ ಅವಸರದಲ್ಲಿರೋ ದಾರಿಗಳೆಲ್ಲ ಈ ಊರನ್ನು ಸ್ವಲ್ಪ ದೂರದಿಂದಲೇ ಮಾತಾಡಿಸಿ ಹೋಗಿವೆ.

ನಾವು ನಾಲ್ಕು ಜನ ಸೈಕಲ್ಲಿಗರಿಗೆ ಆ ದಿನ ವ್ಯಾನಿರಲಿಲ್ಲ, ಗೈಡೂ ಇರಲಿಲ್ಲ. ಗೈಡ್ ಕೆಲಸ ಮಾಡಿದ್ದು ದಾರಿಯವರೇ. ಹೊಳಲ್ಕೆರೆಯಲ್ಲಿ ಬಯಲು ಗಣಪತಿಯ ಹತ್ತಿರ ಟೀ ಕುಡೀವಾಗ ಒಬ್ಬರು ಹಿರಿಯರು ‘ಹೆದ್ದಾರೀಲಿ ಹೋಗಬೇಡ್ರಿ, ಲಾರಿ ಕಾಟ’ ಅಂತ ಹಳ್ಳಿ ದಾರಿ ಹೇಳಿಕೊಟ್ಟರು. ಒಂದು ಊರಲ್ಲಿ ಸೈಕಲ್ ಶಾಪಿನವರು ನನ್ನ ಸೈಕಲ್ಲಿನ ಗೇರ್ ಮುಟ್ಟಿ ನೋಡಿ ‘ಇದ್ರ ರೇಟಿಗೆ ಒಂದು ಎಮ್ಮೆ ಬರುತ್ತಲ್ಲ ಸ್ವಾಮಿ’ ಅಂದರು. ಒಂದಲ್ಲ, ಎರಡು ಬರುತ್ತೆ ಅಂತ ನಾನು ಹೇಳಲಿಲ್ಲ.

ಅವರ ಅಂಗಡಿಯ ಮೂಲೆಯಲ್ಲಿ ಸರ್ಕಾರಿ ಸೈಕಲ್‌ಗಳು ರಾಶಿ ಬಿದ್ದಿದ್ದವು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ತಂತಲ್ಲ, ಆ ಸೈಕಲ್‌ಗಳು. ಈ ನಾಡಿನ ಸೈಕಲ್ ಇತಿಹಾಸ ಬರೆಯೋದಾದರೆ ನನ್ನಂಥವರ ರಜಾ ಪ್ರವಾಸಕ್ಕೆ ಅದರಲ್ಲಿ ಒಂದು ಅಡಿಟಿಪ್ಪಣಿ ಸಾಕು. ನಿಜವಾದ ಅಧ್ಯಾಯ ಆ ಸೈಕಲ್‌ಗಳದ್ದು. ತನ್ನ ಊರಲ್ಲಿ ಏಳನೇ ಕ್ಲಾಸಿಗೆ ಶಾಲೆ ಮುಗಿದು, ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ದೂರ ಇದ್ದ ಹುಡುಗಿಗೆ ಆ ಸೈಕಲ್ ಒಂದು ಕಡಲಿಂದ ಇನ್ನೊಂದು ಕಡಲು ದಾಟಿದ ಹಾಗೇ. ಅವಳಿಗೆ ಹಿಂದೆ ಬರೋ ವ್ಯಾನಿಲ್ಲ. ಪಂಕ್ಚರ್ ಆದರೆ ತಳ್ಳಿಕೊಂಡೇ ಹೋಗಬೇಕು.

ಈಗ ಈ ಸೀಮೆಯ ದೊಡ್ಡ ವಿಷಯಕ್ಕೆ ಬರೋಣ. ಅದು ನೀರು. ಬುಕಾನನ್ ಬಂದು ಹೋಗಿ ಸುಮಾರು ನೂರು ವರ್ಷ ಆದ ಮೇಲೆ, 1898ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟೋ ಕೆಲಸ ಶುರುವಾಯ್ತು. 1907ರಲ್ಲಿ ಮುಗೀತು. ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯ ಹೆಸರಲ್ಲಿ ವಾಣಿ ವಿಲಾಸ ಸಾಗರ ಅಂತ ಕರೆದರು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಕಲ್ಲಿನ ಗೋಡೆ, ಹಿಂದೆ ಸುಮಾರು 30 ಟಿಎಂಸಿ ನೀರು ನಿಲ್ಲೋ ಜಾಗ. ಕೃಷ್ಣರಾಜಸಾಗರಕ್ಕಿಂತ ಹಳೆಯದು.

ವೇದಾವತಿ ಹುಟ್ಟೋದು ಎಲ್ಲಿ? ಬಾಬಾಬುಡನ್‌ಗಿರಿಯ ಬೆಟ್ಟಗಳಲ್ಲಿ. ಅಲ್ಲಿಂದ ಅರಬ್ಬೀ ಸಮುದ್ರ ಹೆಚ್ಚು ದೂರ ಇಲ್ಲ. ಆದರೆ ನದಿ ಆ ಕಡೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡುತ್ತೆ. ಕಡೂರು ಸೀಮೆ, ಹೊಸದುರ್ಗ, ಹಿರಿಯೂರು, ಚಳ್ಳಕೆರೆ, ಆಮೇಲೆ ಹಗರಿ ಅನ್ನೋ ಹೆಸರಲ್ಲಿ ಬಳ್ಳಾರಿ ಸೀಮೆ, ತುಂಗಭದ್ರೆ, ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಪಶ್ಚಿಮದ ಕಡಲಿಂದ ಎದ್ದ ಮುಂಗಾರು ಮೋಡ ಗಿರಿಯ ಮೇಲೆ ಸುರಿದು, ನೀರಾಗಿ ಹೊಸದುರ್ಗ ದಾಟಿ, ಪೂರ್ವದ ಕಡಲಿಗೆ ಸೇರುತ್ತೆ. ನಮ್ಮ ನೆಲದ ಹಳೆಯ ಕಡಲಿಂದ ಕಡಲಿಗೆ ಪ್ರವಾಸಿ ಬುಕಾನನ್ ಅಲ್ಲ, ಈ ನೀರು.

ಪ್ರವಾಸಿಗಳು ನೋಡೋದು ಅಣೆಕಟ್ಟಿನ ಮುಂದಿನ ಭಾಗ. ಕಲ್ಲಿನ ಕೆಲಸ, ಮಂಟಪಗಳು, ಫೋಟೋ. 1933ರ ನಂತರ ಕೋಡಿ ಬೀಳದಿದ್ದ ಈ ಜಲಾಶಯ 2022ರ ಸೆಪ್ಟೆಂಬರಿನಲ್ಲಿ ತುಂಬಿ ಹರೀತು. ಮೂರು ತಲೆಮಾರು ನೋಡದ ದೃಶ್ಯ. ಜನ ಬಸ್ಸು, ಟ್ರ್ಯಾಕ್ಟರ್, ಬೈಕು ಹತ್ತಿ ಬಂದರು. ಹಿರಿಯೂರಿನಲ್ಲಿ ಹಬ್ಬ. ಅದು ಸಹಜ, ಆ ಅಚ್ಚುಕಟ್ಟಿನವರು ಒಣಗಿದ ತೋಟ ಕಡಿದು ಹಾಕಿದ ವರ್ಷಗಳನ್ನ ಕಂಡವರು. ಆದರೆ ಅದೇ ದಿನಗಳಲ್ಲಿ ಅಣೆಕಟ್ಟಿನ ಹಿಂದೆ, ಹೊಸದುರ್ಗ ತಾಲ್ಲೂಕಿನ ಕಡೆ, ಹಿನ್ನೀರು ಏರಿ ತೋಟಗಳಿಗೆ, ರಸ್ತೆಗಳಿಗೆ, ಮನೆಗಳಿಗೆ ನುಗ್ಗಿತ್ತು. 89 ವರ್ಷ ನೀರು ಬಾರದ ನೆಲದಲ್ಲಿ ಜನ ಬದುಕು ಕಟ್ಟಿಕೊಂಡಿರ್ತಾರಲ್ವಾ? ಗೋಡೆಯ ಈ ಕಡೆಯವರಿಗೆ ಗಂಗಾಪೂಜೆ, ಆ ಕಡೆಯವರಿಗೆ ಮುಳುಗಡೆ. ಎರಡೂ ಒಂದೇ ಜಿಲ್ಲೆ, ಒಂದೇ ನೀರು.

ಇನ್ನೂ ಒಂದು ಮಾತು ಸೇರಿಸಬೇಕು. 2019ರಿಂದ ಭದ್ರಾ ನದಿಯ ನೀರನ್ನೂ ಎತ್ತಿ ಈ ಜಲಾಶಯಕ್ಕೆ ಹರಿಸ್ತಾ ಇದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಗಾಗಿ ಈ ಜಿಲ್ಲೆಯವರು ಎಷ್ಟು ವರ್ಷ ರಸ್ತೆಗಿಳಿದಿದ್ದಾರೆ ಅನ್ನೋದು ನಿಮಗೆ ಗೊತ್ತು. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆ ಆಯ್ತು. ಘೋಷಣೆಗೂ ಕಾಲುವೆಗೂ ಇರೋ ದೂರವನ್ನ ಸೈಕಲ್ಲಲ್ಲಿ ಅಳೆಯೋಕಾಗಲ್ಲ.

ಹಾಗಾದರೆ ನಿಧಾನವಾಗಿ ಹೋದರೆ ಎಲ್ಲ ಕಾಣುತ್ತಾ? ಕಾಣಲ್ಲ. ಬುಕಾನನ್ ನಮ್ಮೆಲ್ಲರಿಗಿಂತ ನಿಧಾನವಾಗಿ ಹೋದ, ನಮ್ಮೆಲ್ಲರಿಗಿಂತ ಹೆಚ್ಚು ಬರೆದ. ಆದರೂ ಅವನು ಬಂದಿದ್ದು ಒಂದು ಬೇಸಿಗೆಯಲ್ಲಿ, ಯುದ್ಧ ಮುಗಿದ ಎರಡನೇ ವರ್ಷದಲ್ಲಿ, ಗೆದ್ದವರ ಕಡೆಯಿಂದ. ಅವನಿಗೆ ಗಾಜಿನ ಮೂಸೆ ಕಂಡಿತು, ಮೂಸೆ ಊದುವವರ ಹೆಸರು ಬೇಕಾಗಲಿಲ್ಲ. ಅವನ ಪುಸ್ತಕ ಇಲ್ಲದೆ ಹೋಗಿದ್ದರೆ ಮತ್ತೋಡಿನ ಕುಲುಮೆಗಳ ವಿವರ ನಮಗೆ ಇಷ್ಟು ಸಿಗ್ತಿರಲಿಲ್ಲ. ಇದನ್ನೂ ಒಪ್ಪಬೇಕು, ಅದನ್ನೂ ಮರೆಯಬಾರದು.

ಹಾಗಾಗಿ ಇಂಥ ಪ್ರವಾಸ ನಡೆಸೋರಿಗೆ ನನ್ನದೊಂದು ಬೇಡಿಕೆ. ವರ್ಗಾವಣೆ ದಿನ ತೆಗೆದುಹಾಕಿ. ಹೊಳಲ್ಕೆರೆಯಿಂದ ಹೊಸದುರ್ಗ, ಹೊಸದುರ್ಗದಿಂದ ಮತ್ತೋಡು, ಅಲ್ಲಿಂದ ಹಿನ್ನೀರಿನ ಕಡೆ, ಆಮೇಲೆ ಅಣೆಕಟ್ಟು, ಹಿರಿಯೂರು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ತಿರುಗ್ತಿರುತ್ತೆ, ಅದನ್ನು ನೋಡಿದರೆ ಎದುರುಗಾಳಿ ಎಷ್ಟು ಅಂತ ಮೊದಲೇ ಗೊತ್ತಾಗುತ್ತೆ. ಗೈಡ್ ಬೇಕಾದರೆ ಆಯಾ ಊರಿನವರನ್ನೇ ಕರೀರಿ, ಕೂಲಿ ಕೊಡಿ, ಅವರ ಹೆಸರನ್ನ ಪಟ್ಟಿಯಲ್ಲಿ ಹಾಕಿ. 1801ರಲ್ಲಿ ಆಗದ ಕೆಲಸ ಅದು. ಅಣೆಕಟ್ಟನ್ನ ಮುಂದಿನಿಂದಲೂ ತೋರಿಸಿ, ಹಿಂದಿನಿಂದಲೂ ತೋರಿಸಿ.

ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಇದೇ ಹೊಸದುರ್ಗ ತಾಲ್ಲೂಕಿನಿಂದ ಹೊರಟು ನಾಡೆಲ್ಲ ನಾಟಕ ಆಡ್ತಾ ತಿರುಗುತ್ತೆ. ಅವರ ಲೆಕ್ಕದಲ್ಲಿ ಹೊಸದುರ್ಗ ಮಧ್ಯದ ಊರಲ್ಲ, ಹೊರಡೋ ಊರು. ಕಡಲ ತೀರದವರಿಗೆ ಕಡಲು ಕೊನೆ, ನಮ್ಮವರಿಗೆ ಎರಡೂ ಕಡಲು ದೂರದ ನೆಂಟರು. ನಕ್ಷೆಯನ್ನ ಹಿಡಿಯೋ ರೀತಿ ಬದಲಾದರೆ ‘ಏನೂ ಇಲ್ಲ’ದ ಜಾಗ ತುಂಬಿಕೊಳ್ಳುತ್ತೆ.

ನಿಮ್ಮ ಊರನ್ನೂ ಯಾರಾದರೂ ವರ್ಗಾವಣೆ ದಿನಕ್ಕೆ ಸೇರಿಸಿದ್ದಾರಾ? ಅಲ್ಲಿ ಏನಿದೆ ಅಂತ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.